ಚಂದಾ ಆ್ಯಪ್ ನಿರ್ಮಾಣದಲ್ಲಿ ಕಾಲಸಂಕ್ಷೇಪ: ಒಂದು ಬಹುಶಿಸ್ತೀಯ ಮೀಮಾಂಸೆ

1. ಪ್ರಸ್ತಾವನೆ

ಗ್ರಾಹಕರ ಖಾತೆಯಿಂದ ತಿಂಗಳು ತಿಂಗಳು ಹಣ ಎಳೆದುಕೊಳ್ಳುವ ವೆಬ್ ಆ್ಯಪ್‌ಗಳನ್ನು ಕಟ್ಟುವಾಗ ಸಮಯವನ್ನು ಹೇಗೆ ಉಳಿಸಬಹುದೆಂಬುದನ್ನು ತಾತ್ತ್ವಿಕ, ಆನ್ವಯಿಕ ಹಾಗೂ ಅನುಭಾವಿಕ ನೆಲೆಗಳಲ್ಲಿ ಅನುಸಂಧಾನಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಧ್ಯಯನದ ವ್ಯಾಪ್ತಿ ಬೆಳ್ಳಂದೂರಿನಿಂದ ಮಾನ್ಯತಾ ಟೆಕ್ ಪಾರ್ಕ್‌ವರೆಗೆ. ಈ ಎರಡರ ನಡುವಿನ ಹೊರವರ್ತುಲ ರಸ್ತೆಯಲ್ಲಿ ಕಳೆದುಹೋಗುವ ಸಮಯವನ್ನು ಕೈಬಿಡಲಾಗಿದೆ. ಅದು ಪ್ರತ್ಯೇಕ ಮಹಾಪ್ರಬಂಧಕ್ಕೆ ಅರ್ಹ.

2. ಪೂರ್ವಸೂರಿಗಳು

ತಡವಾದ ಪ್ರಾಜೆಕ್ಟಿಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ 1975ರ ತಮ್ಮ ಗ್ರಂಥದಲ್ಲೇ ಬರೆದರು, ಐಬಿಎಂನ ಓಎಸ್/360 ಕೆಲಸದಲ್ಲಿ ಬೆಂದು ಬಂದಮೇಲೆ. ಆ ಗ್ರಂಥ ಇಂದಿಗೂ ಮ್ಯಾನೇಜರುಗಳ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಎತ್ತರಿಸುವ ಸೇವೆಯಲ್ಲಿದೆ. 2001ರಲ್ಲಿ 17 ಮಂದಿ ಯೂಟಾದ ಬೆಟ್ಟದಲ್ಲಿ ಕೂಡಿ, ಕಾಗದಪತ್ರಕ್ಕಿಂತ ಓಡುವ ಸಾಫ್ಟ್‌ವೇರ್ ದೊಡ್ಡದೆಂದು ಅಜೈಲ್ ಪ್ರಣಾಳಿಕೆ ಹೊರಡಿಸಿದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದರಲ್ಲಿ ಉಳಿದದ್ದು ದಿನಾ ಬೆಳಿಗ್ಗೆ ನಿಂತುಕೊಂಡು ನಡೆಸುವ ಮೀಟಿಂಗು, ಆ ಮೀಟಿಂಗಿಗೆ ತಯಾರಾಗಲು ಕೂತುಕೊಂಡು ನಡೆಸುವ ಇನ್ನೊಂದು ಮೀಟಿಂಗು.

3. ವರ್ಗೀಕರಣ

ಉಳಿತಾಯವು ಸಪ್ತವಿಧ.

(ಅ) ಸಿದ್ಧಾನ್ನ ಉಳಿತಾಯ: ಲಾಗಿನ್, ಬಿಲ್ಲಿಂಗ್, ಡ್ಯಾಶ್‌ಬೋರ್ಡ್ ಎಲ್ಲ ಅಡಕವಾಗಿರುವ ಸ್ಟಾರ್ಟರ್ ಕಿಟ್ ಕೊಂಡು ತಿಂಗಳ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸುವುದು. ಆ ಕಿಟ್ಟಿನೊಳಗೆ ಏನಿದೆಯೆಂದು ಅರಿಯಲು ಮುಂದಿನ ತಿಂಗಳನ್ನು ಮೀಸಲಿಡತಕ್ಕದ್ದು.

(ಆ) ಪರಹಸ್ತ ಉಳಿತಾಯ: ವಸೂಲಿಯನ್ನು ಪೇಮೆಂಟ್ ಗೇಟ್‌ವೇಗೆ ಒಪ್ಪಿಸುವುದು. ಇದು ನಿಜಕ್ಕೂ ಜಾಣತನ. ಕಾರ್ಡ್ ನಂಬರಿನ ಹೊಣೆ ನಮಗೆ ಬರುವುದಿಲ್ಲ. ಆದರೆ ಹಣ ಬಂತೆಂದು ನಮ್ಮ ಆ್ಯಪ್‌ಗೆ ತಿಳಿಸುವ ಒಂದೇ ವೆಬ್‌ಹುಕ್ಕನ್ನು ಗೇಟ್‌ವೇ ಎರಡು ಸಲ ಕಳಿಸಬಹುದು, ಹಿಂದಿನದನ್ನು ಮುಂದಿನದರ ನಂತರವೂ ಕಳಿಸಬಹುದು. ಬಂದ ಐಡಿಯನ್ನು ಬರೆದಿಟ್ಟುಕೊಂಡು, ಅದೇ ಮತ್ತೆ ಬಂದರೆ ಸುಮ್ಮನಿರುವ ನಾಲ್ಕು ಸಾಲು ಕೋಡನ್ನು ಉಳಿತಾಯದ ಹೆಸರಿನಲ್ಲಿ ಬಿಟ್ಟವರು, ಒಬ್ಬನೇ ಗ್ರಾಹಕನಿಗೆ ಎರಡು ಇನ್‌ವಾಯ್ಸ್ ಹೋದ ರಾತ್ರಿ ನಿದ್ದೆಗೆಟ್ಟು ಕೂರುತ್ತಾರೆ.

(ಇ) ಮುಂದೂಡಿಕೆಯ ಉಳಿತಾಯ: ತಿಂಗಳ ನಡುವೆ ಪ್ಲಾನ್ ಬದಲಿಸಿದವರ ಲೆಕ್ಕ, ಜಿಎಸ್‌ಟಿ, ಅವಧಿ ಮುಗಿದ ಕಾರ್ಡ್. ಇವಕ್ಕೆಲ್ಲ "ನೆಕ್ಸ್ಟ್ ಸ್ಪ್ರಿಂಟಲ್ಲಿ ನೋಡೋಣ" ಎಂಬುದೇ ಮಹಾಮಂತ್ರ.

(ಈ)ಯಿಂದ (ಋ)ವರೆಗಿನವೂ ಇವೇ, ಹೆಸರು ಮಾತ್ರ ಬೇರೆ. ಬಿಟ್ಟುಬಿಡೋಣ.

4. ಕಾಲಸಂರಕ್ಷಣಾ ನಿಯಮ

ಕಟ್ಟುವವರು ಉಳಿಸಿದ ಸಮಯ ನಾಶವಾಗುವುದಿಲ್ಲ. ಅದು ಬಳಸುವವರ ಲೆಕ್ಕಕ್ಕೆ ಖರ್ಚಾಗಿ ವರ್ಗವಾಗುತ್ತದೆ.

ನಿದರ್ಶನ: ಚಂದಾ ಸೇರುವ ಬಟನ್ನಿನ ಹಸಿರು ಯಾವ ಹಸಿರಾಗಿರಬೇಕೆಂದು ಒಂದು ವಾರ ಗಹನ ಸಂವಾದ ನಡೆಯುತ್ತದೆ. ಚಂದಾ ಬಿಡಲು ಹೊರಟವರು ಸೆಟ್ಟಿಂಗ್ಸ್‌ಗೆ ಹೋಗಿ, ಅದರೊಳಗೆ ಅಕೌಂಟ್, ಅದರೊಳಗೆ ಪ್ಲಾನ್, ಅದರ ತಳದಲ್ಲಿ ಬಿಳಿ ಹಾಳೆಯ ಮೇಲೆ ತಿಳಿಬೂದು ಅಕ್ಷರದ "ಸಹಾಯ ಬೇಕೆ?" ಹುಡುಕಬೇಕು. ಒತ್ತಿದರೆ ಒಂದು ಇಮೇಲ್ ವಿಳಾಸ. ಬರೆದರೆ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂಬ ಉತ್ತರ. ಅಷ್ಟರಲ್ಲಿ ಮುಂದಿನ ತಿಂಗಳ ಹಣ ಹೋಗಿರುತ್ತದೆ.

ಇಲ್ಲಿ ಪರಿಭಾಷೆ ಸಾಕು. ಚಂದಾ ಬಿಡುವ ಬಟನ್ ಬರೆಯಲು ಟೈಮ್ ಇರಲಿಲ್ಲ ಎನ್ನುವುದು ಹಸಿ ಸುಳ್ಳು. ಚಂದಾ ನಿಲ್ಲಿಸು ಎಂದು ಗೇಟ್‌ವೇಗೆ ಹೇಳಲು ಒಂದೇ ಒಂದು ಎಪಿಐ ಕರೆ ಸಾಕು. ಬರೆಯುತ್ತೇನೆಂದ ಟೀಮಿನ ಹುಡುಗಿಯನ್ನು "ಈಗ ಬೇಡಮ್ಮ" ಎಂದು ತಡೆದವರಿಗೆ ಅದು ಚೆನ್ನಾಗಿ ಗೊತ್ತು. ಮೊಮ್ಮಗನ ಪಾಠಕ್ಕೆಂದು ಸೇರಿಕೊಂಡ ನಿವೃತ್ತ ಮೇಷ್ಟ್ರೊಬ್ಬರ ಪಿಂಚಣಿಯಿಂದ, ಆ ಹುಡುಗ ಪಾಠ ಬಿಟ್ಟ ಮೇಲೂ ಹೋಗುತ್ತಿರುವ ಹಣಕ್ಕೆ ಈ ಕಚೇರಿಗಳಲ್ಲಿ 'ರಿಟೆನ್ಷನ್' ಎನ್ನುತ್ತಾರೆ. ಚೆನ್ನಾಗಿದ್ದರೆ ಕೇಕ್ ಕತ್ತರಿಸುತ್ತಾರೆ.

ಹಣ ಕಡಿತಕ್ಕೆ 24 ಗಂಟೆ ಮೊದಲು ಕಾರ್ಡಿನವರಿಗೆ ತಿಳಿಸಿ ಎಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಂದು ಪೂರ್ಣವಾಗಿ ಜಾರಿಯಾದಾಗ ಈ ಕಚೇರಿಗಳಲ್ಲಿ ಎಷ್ಟು ಗೋಳಾಟ! ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಚಂದಾ ರದ್ದತಿಯನ್ನು ಬಚ್ಚಿಡುವುದೂ ತೊಡಕಾಗಿಸುವುದೂ ಅದರಲ್ಲಿ ಸೇರಿದೆ. ಇಷ್ಟು ಓದಿಕೊಂಡವರಿಗೆ ಇಷ್ಟನ್ನೂ ಸರ್ಕಾರವೇ ಹೇಳಿಕೊಡಬೇಕಾಯಿತು.

5. ಉಪಸಂಹಾರ

ಕಟ್ಟುವವರೇ, ರದ್ದು ಮಾಡುವ ಪುಟವನ್ನು ಮೊದಲು ಬರೆಯಿರಿ. ಉಳಿದುದಕ್ಕೆ ಕಿಟ್ ಕೊಳ್ಳಿ, ಗೇಟ್‌ವೇ ಹಿಡಿಯಿರಿ, ಯಾರ ತಕರಾರೂ ಇಲ್ಲ. ಓದುಗರೇ, ಇವತ್ತೇ ನಿಮ್ಮ ಯುಪಿಐ ಆ್ಯಪ್ ತೆರೆದು ಆಟೋಪೇ ಪಟ್ಟಿ ನೋಡಿ. ಬೇಡದ ಚಂದಾ ಕಂಡರೆ ಅಲ್ಲಿಂದಲೇ ರದ್ದು ಮಾಡಿ. ಅದಕ್ಕೆ ಯಾರಿಗೂ ಇಮೇಲ್ ಬರೆಯಬೇಕಿಲ್ಲ.