ನೂರರೊಳಗಿನ ಓದುಗ

ಬೆಂಗಳೂರಿನ ಪೂರ್ವಕ್ಕೆ, ಹೊರವರ್ತುಲ ರಸ್ತೆಯಿಂದ ವೈಟ್‌ಫೀಲ್ಡಿನ ಕಡೆಗೆ ಹಬ್ಬಿಕೊಂಡಿರುವ ಮಹದೇವಪುರದಲ್ಲಿ ಕಾಣಸಿಗುವ ಓದುಗವರ್ಗಗಳ ಪೈಕಿ ವಿಶೇಷ ಅಧ್ಯಯನಕ್ಕೆ ಯೋಗ್ಯನಾದವನೆಂದರೆ ನೂರರೊಳಗಿನ ಓದುಗ. ದೊಡ್ಡ ಕಾದಂಬರಿಯೊಂದನ್ನು ಕೊಂಡು, ಅದರ ಮೊದಲ ನೂರು ಪುಟಗಳ ಸರಹದ್ದನ್ನು ದಾಟದೆ, ಹಾಗೆಂದು ಓದುವುದನ್ನು ಬಿಟ್ಟೆನೆಂದೂ ಒಪ್ಪಿಕೊಳ್ಳದೆ, ವರ್ಷಾನುಗಟ್ಟಲೆ ‘ಓದ್ತಾ ಇದೀನಿ’ ಎಂಬ ವರ್ತಮಾನ ಕಾಲದಲ್ಲಿಯೇ ಬಾಳುವವನಿಗೆ ಈ ಹೆಸರು ಸಲ್ಲುತ್ತದೆ. ಓದದವನು ಬೇರೆ, ಓದಿ ಕೈಬಿಟ್ಟವನು ಬೇರೆ; ಮೊದಲನೆಯವನಿಗೆ ಪುಸ್ತಕದ ಹಂಗೇ ಇಲ್ಲ, ಎರಡನೆಯವನು ಅದನ್ನು ಹಳೆಯ ಪುಸ್ತಕದ ಅಂಗಡಿಗೆ ಹಾಕಿ ಕೈತೊಳೆದುಕೊಂಡಿರುತ್ತಾನೆ. ನೂರರೊಳಗಿನ ಓದುಗನಿಗೆ ಈ ಎರಡು ಬಗೆಯ ಮುಕ್ತಿಯೂ ಇಲ್ಲ.

ಈ ವರ್ಗದ ಹುಟ್ಟಿಗೂ ಊರಿನ ಬೆಳವಣಿಗೆಗೂ ನಂಟುಂಟು. ತನ್ನದೇ ನಗರಸಭೆಯಿದ್ದ ಮಹದೇವಪುರ 2007ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರಿಹೋದ ಕಾಲಕ್ಕಾಗಲೇ ಅದರ ಹೊಲ ತೋಪುಗಳ ಮೇಲೆ ಗಾಜಿನ ಕಚೇರಿಗಳು ಏಳತೊಡಗಿದ್ದವು. ಹಾಸನ, ತುಮಕೂರು, ದಾವಣಗೆರೆಗಳಿಂದ ಬಂದ ಎಂಜಿನಿಯರು ಕಚೇರಿಯಲ್ಲಿ ಇಂಗ್ಲಿಷನ್ನೂ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹಿಂದಿಯನ್ನೂ ಆಡುತ್ತ, ಎಸ್ಸೆಸ್ಸೆಲ್ಸಿಯ ಕನ್ನಡದಲ್ಲಿ 125ಕ್ಕೆ ತನಗೆಷ್ಟು ಅಂಕ ಬಂದಿತ್ತೆಂಬುದನ್ನು ಮಾತ್ರ ಮರೆಯದೆ ಇಲ್ಲಿ ನೆಲೆನಿಂತನು. ನವೆಂಬರ್ ಬಂದೊಡನೆ ಕ್ಲಬ್‌ಹೌಸಿನಲ್ಲಿ ಬಾವುಟ ಏರುತ್ತದೆ, ಪುಸ್ತಕದಂಗಡಿಗಳಲ್ಲಿ ರಿಯಾಯಿತಿ ಇಳಿಯುತ್ತದೆ, ಅವನ ಎದೆಯಲ್ಲಿ ಪಾಪಪ್ರಜ್ಞೆ ತಲೆಯೆತ್ತುತ್ತದೆ. ಈ ಮೂರೂ ಕೂಡಿದ ಗಳಿಗೆಯಲ್ಲಿ ಕಾದಂಬರಿಯ ಖರೀದಿ ನಡೆದುಹೋಗುತ್ತದೆ.

ಹಾಗೆ ಮನೆಗೆ ಬರುವ ಕಾದಂಬರಿ ಬಹುಮಟ್ಟಿಗೆ ಒಂದೇ. ಅದು 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಭೈರಪ್ಪನವರ ‘ಪರ್ವ’ವೂ ಗಾತ್ರದಲ್ಲಿ ಕಡಿಮೆಯದೇನಲ್ಲ, ಆದರೆ ಅದು ಮಹಾಭಾರತದ ಕಥೆಯಾದ್ದರಿಂದ ಎಲ್ಲಿ ತೆರೆದರೂ ಪರಿಚಿತರು ಸಿಕ್ಕುತ್ತಾರೆ, ದಾರಿ ತಪ್ಪುವ ಭಯವಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ಕಷ್ಟವೇ ಆದರೂ ತೆಳ್ಳಗಿದೆ. ಅಲ್ಲಿ ಸೋತವನಿಗೆ ದೊಡ್ಡ ಯುದ್ಧದಲ್ಲಿ ಸೋತ ಗೌರವ ದಕ್ಕುವುದಿಲ್ಲ. ‘ಮದುಮಗಳು’ ಹಾಗಲ್ಲ. ಏಳುನೂರು ಪುಟಗಳ ಆಸುಪಾಸಿನ ಈ ಕಾದಂಬರಿ ಹತ್ತೊಂಬತ್ತನೆಯ ಶತಮಾನದ ಕೊನೆಗಾಲದ ತೀರ್ಥಹಳ್ಳಿ ಸೀಮೆಯನ್ನು ಅದರ ಮಳೆ, ಇಂಬಳ, ಜೀತ, ದೆಯ್ಯ, ಬಗನಿಕಳ್ಳುಗಳ ಸಮೇತ ಮುಂದಿಡುತ್ತದೆ. ಹೂವಳ್ಳಿ, ಕೋಣೂರು, ಬೆಟ್ಟಳ್ಳಿ, ಸಿಂಬಾವಿ, ಹಳೆಮನೆ ಎಂದು ಮನೆಗಳ ಮೇಲೆ ಮನೆಗಳು, ಮನೆಯೊಂದರೊಳಗೆ ಒಡೆಯರು ಆಳುಗಳು ಬಸುರಿಯರು ರೋಗಿಗಳು. ಗುತ್ತಿ–ತಿಮ್ಮಿ, ಮುಕುಂದಯ್ಯ–ಚಿನ್ನಮ್ಮ, ಐತ–ಪೀಂಚಲು ಎಂದು ಜೋಡಿಗಳು. ಇವರಲ್ಲಿ ನಾಯಕ ಯಾರೆಂದು ತಿಳಿದುಬಿಟ್ಟರೆ ಉಳಿದವರನ್ನು ಹಾರಿಸಬಹುದೆಂಬ ಆಸೆಯಿಂದ ಕಾಯುವ ಓದುಗನಿಗೆ, ಇಲ್ಲಿ ಮುಖ್ಯ ಅಮುಖ್ಯವೆಂಬ ಭೇದವಿಲ್ಲವೆಂದೂ ಅವಸರಕ್ಕೆ ಎಡೆಯಿಲ್ಲವೆಂದೂ ಕಾದಂಬರಿಕಾರರು ಹೊಸ್ತಿಲಲ್ಲೇ ಸೂಚನೆ ಕೊಟ್ಟಿದ್ದಾರೆ. ಸ್ಪ್ರಿಂಟ್ ಎಂಬ ಹೆಸರಿನ ಎರಡು ವಾರಗಳ ಗಡುವುಗಳಲ್ಲಿ ಬದುಕನ್ನೇ ಹಂಚಿಕೊಂಡವನಿಗೆ ಇದಕ್ಕಿಂತ ಖಡಾಖಂಡಿತವಾದ ಯುದ್ಧಘೋಷಣೆ ಬೇರೊಂದಿರಲಾರದು.

ಆದಾಗ್ಯೂ ಅವನು ತನಗೆ ತಿಳಿದ ಶಸ್ತ್ರದಿಂದಲೇ ಎದುರಿಸುತ್ತಾನೆ. ಮೊದಲ ಶನಿವಾರ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆಯೊಂದನ್ನು ಸಿದ್ಧಪಡಿಸಿ, ಪಾತ್ರದ ಹೆಸರು, ಊರು, ಯಾರಿಗೆ ಏನಾಗಬೇಕು, ಮೊದಲು ಬಂದ ಪುಟ ಎಂದು ಕಂಬಸಾಲುಗಳನ್ನು ಎಳೆದು, ಒಂದೊಂದು ಮನೆಗೆ ಒಂದೊಂದು ಬಣ್ಣ ಬಳಿಯುತ್ತಾನೆ. ನಾಯಿಗುತ್ತಿಯ ನಾಯಿ ಹುಲಿಯನನ್ನು ಪಾತ್ರಗಳ ಪಟ್ಟಿಗೆ ಸೇರಿಸಬೇಕೋ, ‘ಇತರೆ’ ಎಂಬ ಕಡೆ ಹಾಕಬೇಕೋ ಎಂಬ ಜಿಜ್ಞಾಸೆಯಲ್ಲಿ ಭಾನುವಾರವೂ ಕಳೆಯುತ್ತದೆ. ಇಡೀ ಓದಿನಲ್ಲಿ ಪೂರ್ಣಗೊಂಡ ಭಾಗವೆಂದರೆ ಈ ಹಾಳೆಯೊಂದೇ, ಮತ್ತು ಅದು ನಿಜಕ್ಕೂ ಅಚ್ಚುಕಟ್ಟಾಗಿರುತ್ತದೆ.

ಎರಡನೆಯ ತೊಡಕು ಪದಗಳದು. ಹಳು ಎಂದರೆ ಮರಗಳಡಿ ದಟ್ಟೈಸಿ ಬೆಳೆದ ಕುರುಚಲೆಂದೂ, ಗೊರಬು ಎಂದರೆ ಬಗ್ಗಿ ಸಸಿ ನೆಡುವವರ ಬೆನ್ನಿಗೆ ಮಳೆ ತಾಗದಂತೆ ಎಲೆಯಿಂದ ಹೆಣೆದ ಹೊದಿಕೆಯೆಂದೂ ಮಲೆನಾಡಿಗರಿಗೆ ಹೇಳಬೇಕಾಗಿಲ್ಲ. ಬಯಲುಸೀಮೆಯಿಂದ ಬಂದು ಮಳೆಯನ್ನು ಟ್ರಾಫಿಕ್ಕಿನ ಕಾರಣವಾಗಿಯಷ್ಟೇ ಬಲ್ಲವನಿಗೆ ಹೇಳಲೇಬೇಕು. ಅವನು ಮೊಬೈಲಿನಲ್ಲಿ ಗೊರಬನ್ನು ಹುಡುಕುತ್ತಾನೆ, ಚಿತ್ರ ಸಿಗುತ್ತದೆ, ಚಿತ್ರದ ಪಕ್ಕದಲ್ಲಿ ನಾಟಿಗದ್ದೆಯ ರೀಲ್ ಸಿಗುತ್ತದೆ, ರೀಲಿನ ಕೆಳಗೆ ಆಗುಂಬೆಯ ಹೋಂಸ್ಟೇ ಸಿಗುತ್ತದೆ. ಕಾದಂಬರಿ ಮಡಿಲಲ್ಲಿ ತೆರೆದುಕೊಂಡೇ ಇರುವಾಗ ಎರಡು ರಾತ್ರಿಗಳ ಕೋಣೆ ಕಾಯ್ದಿರಿಸಲ್ಪಡುತ್ತದೆ. ಹೋದವನು ಕುಪ್ಪಳ್ಳಿಗೂ ಹೋಗಿ, ಕವಿಮನೆಯ ತೊಟ್ಟಿಯ ಸುತ್ತ ನಡೆದು, ಕವಿಶೈಲದ ಬಂಡೆಗಳ ಮೇಲೆ ಕುಳಿತು ಫೋಟೋ ತೆಗೆಸಿಕೊಂಡು, ಮನೆಯಲ್ಲಿರುವ ಪ್ರತಿಯ ಅಕ್ಷರ ಚಿಕ್ಕದಾಯಿತೆಂಬ ಸಬೂಬಿನಿಂದ ಇನ್ನೊಂದು ಪ್ರತಿ ಕೊಳ್ಳುತ್ತಾನೆ. ಹೀಗೆ ಪ್ರತಿಗಳು ಮುಂದುವರಿಯುತ್ತವೆ, ಪುಟ ಮುಂದುವರಿಯುವುದಿಲ್ಲ.

ಮೊದಲ ಪ್ರತಿಯನ್ನು ಕೈಗೆತ್ತಿಕೊಂಡು ಪರೀಕ್ಷಿಸಿದರೆ ಈ ಓದುಗನ ಚರಿತ್ರೆಯನ್ನು ಸ್ತರವಿನ್ಯಾಸ ಕ್ರಮದಲ್ಲಿ, ಎಂದರೆ ಉತ್ಖನನಕಾರರು ಮಣ್ಣಿನ ಪದರಗಳನ್ನು ಮೇಲಿಂದ ಕೆಳಗೆ ಓದುವ ರೀತಿಯಲ್ಲಿ, ಪುನಾರಚಿಸಬಹುದು. ಹದಿನೇಳನೆಯ ಪುಟದಲ್ಲಿ ಮಾಸಿದ ಬಿಎಂಟಿಸಿ ವೋಲ್ವೊ ಬಸ್ಸಿನ ಟಿಕೆಟು, ನಲವತ್ತೆರಡರಲ್ಲಿ ಸಹೋದ್ಯೋಗಿಯ ಗೃಹಪ್ರವೇಶದ ಆಮಂತ್ರಣ, ಅರವತ್ತೊಂಬತ್ತರಲ್ಲಿ ಮಗುವಿನ ಲಸಿಕೆಯ ಚೀಟಿ, ತೊಂಬತ್ತಮೂರರಲ್ಲಿ ನೀರಿನ ಟ್ಯಾಂಕರಿನವನ ರಸೀತಿ. ಕೊನೆಯದರ ಕಾಲವನ್ನು 2024ರ ಬೇಸಿಗೆಯೆಂದು ನಿಸ್ಸಂಶಯವಾಗಿ ನಿರ್ಣಯಿಸಬಹುದು. ಆ ವರ್ಷ ಕೊಳವೆಬಾವಿಗಳು ಬತ್ತಿ ಈ ಭಾಗದ ಅಪಾರ್ಟ್‌ಮೆಂಟುಗಳೆಲ್ಲ ಟ್ಯಾಂಕರಿನ ದಾರಿ ಕಾಯುತ್ತಿದ್ದಾಗ, ತಡೆಯಿಲ್ಲದೆ ಸುರಿಯುವ ಮಲೆನಾಡಿನ ಮಳೆಯ ವರ್ಣನೆಯನ್ನು ಓದುವುದು ಯಾರಿಗಾದರೂ ಸಹಿಸಲಸಾಧ್ಯವೇ. ತೊಂಬತ್ತಮೂರರಾಚೆಯ ಹಾಳೆಗಳು ಅಂಗಡಿಯಿಂದ ಬಂದಷ್ಟೇ ಹೊಸತಾಗಿವೆ.

ಅವನಿಗೆ ಸಮಯವಿಲ್ಲವೆಂಬ ವಾದವನ್ನು ಒಪ್ಪುವಂತಿಲ್ಲ. ಮೆಟ್ರೋದ ನೇರಳೆ ಮಾರ್ಗ ಅವನ ಮನೆಯ ಬಳಿಯ ಸಿಂಗಯ್ಯನಪಾಳ್ಯದಿಂದ ಕಚೇರಿಯಿರುವ ಪಟ್ಟಂದೂರು ಅಗ್ರಹಾರಕ್ಕೆ ಕರೆದೊಯ್ಯುತ್ತದೆ, ಸೀಟೂ ಒಮ್ಮೊಮ್ಮೆ ಸಿಗುತ್ತದೆ. ಆದರೆ ಕುವೆಂಪು ಅವರ ವಾಕ್ಯ ಮೆಟ್ರೋದ ಅಳತೆಗೆ ಕತ್ತರಿಸಿದ್ದಲ್ಲ. ಗರುಡಾಚಾರ್‌ಪಾಳ್ಯದಲ್ಲಿ ಹಿಡಿದ ವಾಕ್ಯ ಹೂಡಿಯ ಹೊತ್ತಿಗೆ ಕಾಡಿನ ಇಳಿಜಾರಿಗೆ ಇಳಿಯುತ್ತದೆ. ಸೀತಾರಾಮಪಾಳ್ಯದಲ್ಲಿ ಮುಂದಿನ ನಿಲ್ದಾಣದ ಘೋಷಣೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮುಗಿಯುವಷ್ಟರಲ್ಲಿ ಕರ್ತೃಪದ ಕೈತಪ್ಪಿರುತ್ತದೆ. ಕುಂದಲಹಳ್ಳಿಯಲ್ಲಿ ಮತ್ತೆ ಮೊದಲಿನಿಂದ ಹೊರಟು ನಲ್ಲೂರುಹಳ್ಳಿ ತಲುಪುವಾಗ ಎದುರಿಗಿದ್ದವರು, ‘ಸಾರ್, ಇದು ಪಿಕ್ಚರ್ ಆಗಿದೆಯಲ್ವಾ?’ ಎಂದು ಮಾತಿಗೆಳೆಯುತ್ತಾರೆ. ಚಲನಚಿತ್ರವಾದದ್ದು ಕುವೆಂಪು ಅವರದೇ ‘ಕಾನೂರು ಹೆಗ್ಗಡಿತಿ’, 1999ರಲ್ಲಿ, ಗಿರೀಶ ಕಾರ್ನಾಡರ ನಿರ್ದೇಶನದಲ್ಲಿ ಎಂದು ತಿದ್ದುವ ಸುಖಕ್ಕಾಗಿ ಅವನು ಪುಸ್ತಕ ಮುಚ್ಚುತ್ತಾನೆ. ಪುಸ್ತಕದ ಬಗ್ಗೆ ಮಾತನಾಡಲು ಪುಸ್ತಕವನ್ನು ಮುಚ್ಚಲೇಬೇಕಷ್ಟೆ.

ಈ ವರ್ಗದಲ್ಲಿ ಒಂದು ಉಪಜಾತಿಯೂ ಇದೆ. ಇವರನ್ನು ‘ರಂಗದಿಂದ ಓದಿದವರು’ ಎನ್ನಬಹುದು. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪದಲ್ಲಿ ಈ ಕಾದಂಬರಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಒಂಬತ್ತು ಗಂಟೆಗಳ ಅಹೋರಾತ್ರಿ ನಾಟಕವಾಗಿ, ಮುಂದೆ 2013ರಲ್ಲಿ ಬೆಂಗಳೂರಿನ ಜ್ಞಾನಭಾರತಿಯ ಬಳಿಯ ಕಲಾಗ್ರಾಮದಲ್ಲೂ ಪ್ರದರ್ಶನಗೊಂಡಿತು. ನಾಟಕ ನಾಲ್ಕು ರಂಗಗಳಲ್ಲಿ ನಡೆಯುತ್ತಿದ್ದುದರಿಂದ ಪ್ರೇಕ್ಷಕರೂ ಚಾಪೆ, ಕಂಬಳಿ, ಫ್ಲಾಸ್ಕುಗಳ ಸಮೇತ ರಂಗದಿಂದ ರಂಗಕ್ಕೆ ಎದ್ದು ನಡೆಯಬೇಕಿತ್ತು. ಮಹದೇವಪುರದಿಂದ ಊರಿನ ಆ ತುದಿಗೆ ಹೋಗಿ ಬೆಳಗಿನವರೆಗೆ ಕುಳಿತವನಿಗೆ ತಾನು ಕಾದಂಬರಿಯನ್ನು ಮುಗಿಸಿದ್ದೇನೆಂದು ಅನ್ನಿಸಿದರೆ ತಪ್ಪೆನ್ನಲಾಗದು. ಎರಡನೆಯ ರಂಗದಲ್ಲಿ ಕಣ್ಣು ಕೂರಿದ್ದು, ಮೂರನೆಯ ರಂಗಕ್ಕೆ ಜನ ಹೋದದ್ದೇ ಗೊತ್ತಾಗದೆ ಖಾಲಿ ಅಂಗಳದಲ್ಲಿ ಎಚ್ಚರವಾದದ್ದು ಮಾತ್ರ ವಿವರಣೆಯಿಂದ ಬಿಟ್ಟುಹೋಗಿರುತ್ತದೆ. ಇಂಥವನ ಕಾದಂಬರಿಜ್ಞಾನ 2023ರ ಮಾರ್ಚಿನಿಂದ ಅಕ್ಟೋಬರಿನವರೆಗಿನ ನೇರಳೆ ಮಾರ್ಗದಂತೆ: ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ ರೈಲಿದೆ, ಬೈಯಪ್ಪನಹಳ್ಳಿಯಿಂದಾಚೆಗೂ ರೈಲಿದೆ, ನಡುವಿನ ತುಂಡನ್ನು ಬಸ್ಸಿನಲ್ಲಿ ದಾಟಬೇಕು.

ಕಷ್ಟವಿರುವುದು ಪುಸ್ತಕದಲ್ಲಿಯೇ ಎಂಬ ಅಭಿಪ್ರಾಯವನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬೇಕು. ಕುಮಾರವ್ಯಾಸನ ಭಾರತ ಹತ್ತು ಪರ್ವಗಳ ಕಾವ್ಯ; ಅದನ್ನು ಅಕ್ಷರ ಬಾರದವರೂ ತಿಂಗಳುಗಟ್ಟಲೆ ಕೇಳಿ ಮುಗಿಸುತ್ತಿದ್ದರು. ಗಮಕ ಎಂಬ ಕಲೆ ಇದ್ದದ್ದೇ ಅದಕ್ಕಾಗಿ: ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನಿಸುವುದು, ಉಳಿದವರು ಅಡಕೆ ಸುಲಿಯುತ್ತಲೋ ತೂಕಡಿಸುತ್ತಲೋ ಕೇಳುವುದು, ತೂಕಡಿಸಿದವನಿಗೆ ಮರುದಿನ ಪಕ್ಕದವನು ಕಥೆ ಹೇಳುತ್ತಿದ್ದನು. ದೊಡ್ಡ ಗ್ರಂಥವೆಂಬುದು ಒಬ್ಬನೇ ಹೊತ್ತು ಏದುಸಿರು ಬಿಡಬೇಕಾದ ಹೊರೆಯಾದದ್ದು ಈಚೆಗೆ. ಕ್ಯಾಲಿಫೋರ್ನಿಯದ ವೆನಿಸ್ ಎಂಬಲ್ಲಿ ಒಂದು ಓದುಗರ ಗುಂಪು ಜೇಮ್ಸ್ ಜಾಯ್ಸ್‌ನ ‘ಫಿನೆಗನ್ಸ್ ವೇಕ್’ ಎಂಬ, ಅರ್ಥವಾಗದಿರುವುದಕ್ಕೇ ಪ್ರಸಿದ್ಧವಾದ ಕಾದಂಬರಿಯನ್ನು 1995ರಲ್ಲಿ ಕೂಡಿ ಓದಲು ತೊಡಗಿ, ತಿಂಗಳಿಗೆ ಒಂದೆರಡು ಪುಟಗಳಂತೆ ಸಾಗಿ, 2023ರ ಅಕ್ಟೋಬರಿನಲ್ಲಿ ಕೊನೆ ಮುಟ್ಟಿತು. ಆ ಕಾದಂಬರಿಯ ಕೊನೆಯ ವಾಕ್ಯ ಮೊದಲ ವಾಕ್ಯಕ್ಕೇ ಹೋಗಿ ಕೂಡಿಕೊಳ್ಳುವುದರಿಂದ ಗುಂಪು ಮತ್ತೆ ಮೊದಲ ಪುಟವನ್ನೇ ತೆರೆಯಿತು. ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ಮೆಟ್ರೋ ಕೂಡಿಕೊಂಡದ್ದೂ ಅದೇ ತಿಂಗಳೆಂಬುದು ಆಕಸ್ಮಿಕ.

ಮಹದೇವಪುರದವನೂ ಈ ದಾರಿಯನ್ನು ಹಿಡಿಯದೆ ಇರುವುದಿಲ್ಲ. ಅಪಾರ್ಟ್‌ಮೆಂಟಿನ ಕನ್ನಡಿಗರನ್ನೆಲ್ಲ ಸೇರಿಸಿ ವಾಟ್ಸ್ಯಾಪ್ ಗುಂಪು ಕಟ್ಟಿ, ದಿನಕ್ಕೆ ಹತ್ತು ಪುಟವೆಂದು ಗೊತ್ತುಪಡಿಸಿ, ಮೊದಲ ವಾರ ಗುತ್ತಿಯ ಬಗ್ಗೆ ಉತ್ಸಾಹದಿಂದ ಚರ್ಚಿಸಲಾಗುತ್ತದೆ. ಎರಡನೆಯ ವಾರ ಶುಭೋದಯದ ಚಿತ್ರಗಳು ಬರುತ್ತವೆ. ಮೂರನೆಯ ವಾರ ಬಿ ಬ್ಲಾಕಿನ ಪಾರ್ಕಿಂಗಿನ ಜಗಳ ಅಲ್ಲಿಗೆ ವಲಸೆ ಬರುತ್ತದೆ. ‘ಗುಂಪಿನ ಉದ್ದೇಶಕ್ಕೆ ಬದ್ಧರಾಗಿರಿ’ ಎಂದು ಬರೆದವನೊಬ್ಬನು ಗುಂಪನ್ನೇ ತೊರೆಯುತ್ತಾನೆ. ಮಲೆನಾಡಿನ ಮನೆಗಳ ನಡುವಣ ವ್ಯಾಜ್ಯಗಳನ್ನು ಕಾದಂಬರಿಯಲ್ಲಿ ಓದುವ ಅಗತ್ಯ ಆಮೇಲೆ ಯಾರಿಗೂ ಕಾಣುವುದಿಲ್ಲ.

ಇಷ್ಟಾದರೂ ಈ ಓದುಗನನ್ನು ಹಗುರಾಗಿ ಕಾಣುವುದು ಅನ್ಯಾಯ. ಪ್ರತಿ ನವೆಂಬರಿನಲ್ಲೂ ಮೊದಲ ಪುಟದಿಂದಲೇ ಶ್ರೀಕಾರ ಹಾಕುವುದರಿಂದ ಆ ತೊಂಬತ್ತಮೂರು ಪುಟಗಳಲ್ಲಿ ಅವನಿಗಿರುವಷ್ಟು ಪಾಂಡಿತ್ಯ ಎಂ.ಎ. ತರಗತಿಯ ಅಧ್ಯಾಪಕರಿಗೂ ಇರುವುದು ಅನುಮಾನ. ಗುತ್ತಿಯ ಹೆಗಲ ಮೇಲೇನಿತ್ತು, ಹುಲಿಯ ಯಾವ ಪೊದೆಯ ಬಳಿ ನಿಂತ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಬಲ್ಲನು. ಪೂರ್ತಿ ಓದಿದವರು ಸಾಮಾನ್ಯವಾಗಿ ಇವನ್ನೆಲ್ಲ ಮರೆತಿರುತ್ತಾರೆ.

ಅವನ ಸ್ಥಿತಿ ಕೆಡುವುದು ಕೊಪ್ಪದ ಕಡೆಯ ಅತ್ತೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಉಳಿದಾಗ. ಮಕ್ಕಳು ಶಾಲೆಗೂ ಮಗಳು ಅಳಿಯ ಕಚೇರಿಗೂ ಹೋದ ಮೇಲೆ, ಮಧ್ಯಾಹ್ನದ ಊಟ ಮುಗಿಸಿ, ಬಾಲ್ಕನಿಯ ಕುರ್ಚಿಯಲ್ಲಿ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಾಡಿಸುತ್ತ ಆಕೆ ಓದುತ್ತಾರೆ. ನಿದ್ದೆ ಬಂದಲ್ಲಿ ಹಾಳೆಯ ಮೂಲೆ ಮಡಚುತ್ತಾರೆ, ಎಕ್ಸೆಲ್ ಹಾಳೆಯ ನೆರವನ್ನು ಕೇಳುವುದಿಲ್ಲ. ಕೆಲವು ವಾರಗಳ ನಂತರ ಪುಸ್ತಕ ಶೆಲ್ಫಿಗೆ ಮರಳಿರುವುದನ್ನು ಕಂಡು ಅಳಿಯನು ಹಿಗ್ಗಿ, ಅತ್ತೆಯೂ ಕೈಬಿಟ್ಟರೆಂದುಕೊಂಡು ಸಮಾಧಾನದ ದನಿಯಲ್ಲಿ ಹೇಗಿತ್ತೆಂದು ವಿಚಾರಿಸುತ್ತಾನೆ.

‘ಚೆನ್ನಾಗಿದೆ. ಆ ನಾಯಿ ಮಾತ್ರ ಕೊನೇಲಿ ತುಂಗೆ ಪಾಲಾಗಬಾರದಿತ್ತು ನೋಡಿ.’

ಕೊನೆಯನ್ನು ಹೇಳಿಬಿಟ್ಟಿರಲ್ಲ ಎಂದು ಅವನು ಕಂಗಾಲಾದರೆ, ಸುಮಾರು ಅರವತ್ತು ವರ್ಷದ ಹಿಂದೆ ಅಚ್ಚಾದದ್ದು ಇನ್ನೂ ಗುಟ್ಟೇ ಎಂದು ಆಕೆ ಅಚ್ಚರಿಪಡುತ್ತಾರೆ. ಹುಲಿಯನ ಗತಿ ತಿಳಿದ ಮೇಲೆ ಮುಂದೆ ಓದುವುದರಲ್ಲಿ ಸ್ವಾರಸ್ಯವಿಲ್ಲವೆಂಬ, ಯಾರೂ ಅಲ್ಲಗಳೆಯಲಾಗದ ಕಾರಣವೊಂದು ಹೀಗೆ ಅನಾಯಾಸವಾಗಿ ದೊರೆತದ್ದರಿಂದ, ಅದೇ ರಾತ್ರಿ ಅವನು ದೇ. ಜವರೇಗೌಡರು ಕನ್ನಡಕ್ಕೆ ತಂದಿರುವ ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಗೆ ಹುಡುಕಾಟ ಆರಂಭಿಸುತ್ತಾನೆ, ಪುಸ್ತಕ ಕೈಸೇರಿದೊಡನೆ, ಅತ್ತೆ ಕೊಪ್ಪದ ಬಸ್ಸು ಹತ್ತುವವರೆಗೆ ಅದನ್ನು ಸೂಟ್‌ಕೇಸುಗಳ ಹಿಂದೆ ಅಟ್ಟದ ಮೇಲೆ ಇಡತಕ್ಕದ್ದೆಂದು ಹೆಂಡತಿಗೆ ತಾಕೀತು ಮಾಡುತ್ತಾನೆ.