ಸರ್ಕಾರಿ ಬಸ್ಸಿನ ಸಫಾರಿ

ಜೀಪ್ ಸಫಾರಿಯ ದರ ಕೇಳಿದ ಅವ್ವ, "ಅಷ್ಟು ದುಡ್ಡಿಗೆ ಹುಲಿಯೇ ಮನೆಗೆ ಬಂದು ಮಕ ತೋರಿಸ್ಬೇಕು ಕಣ್ಲಾ" ಅಂದಳು. ಸರಿ, ಕೃಷ್ಣರಾಜನಗರದಿಂದ ಹುಣಸೂರು, ಅಲ್ಲಿಂದ ನಾಗರಹೊಳೆ ಕಾಡಿನೊಳಗೇ ಹಾದು ಕುಟ್ಟಕ್ಕೆ ಹೋಗುವ ಸರ್ಕಾರಿ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ? ಅವ್ವ, ಹೆಂಡತಿ, ಮಗಳು ಆಧಾರ್ ಕಾರ್ಡು ತೋರಿಸಿ ಕಿಟಕಿ ಪಕ್ಕ ಕೂತರು. ಕಾಸು ಕೊಟ್ಟ ಏಕೈಕ ಪ್ರಾಣಿ ನಾನು, ಕಂಬಿ ಹಿಡಿದು ನಿಂತಿದ್ದೆ.

ವೀರನಹೊಸಹಳ್ಳಿ ಗೇಟು ಬಂತು. ದಸರಾ ಗಜಪಯಣ ಹೊರಡುವುದು ಇಲ್ಲಿಂದಲೇ. ಆನೆಗಳು ಸರ್ಕಾರದ ಖರ್ಚಿನಲ್ಲಿ ಊರಿಗೆ ಬರುತ್ತವೆ, ನಾನು ಸ್ವಂತ ಖರ್ಚಿನಲ್ಲಿ ಕಾಡಿಗೆ ಹೊರಟಿದ್ದೆ.

1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡಿದು. ಸಂಜೆ ಆರಾದರೆ ಗೇಟು ಬಂದ್, ನಡುದಾರಿಯಲ್ಲಿ ಇಳಿಯುವಂತಿಲ್ಲ. ಅವ್ವ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೇ ತಡ, ಯಾರೋ "ಆನೆ! ಬಲಗಡೆ!" ಅಂದರು. ಇಡೀ ಬಸ್ಸೇ ಬಲಕ್ಕೆ ವಾಲಿತು. ನನ್ನ ಫೋನಿಗೆ ಸಿಕ್ಕಿದ್ದು ಮುಂದಿನವರ ಮಂಕಿ ಟೋಪಿ. ಅವ್ವ ಮಾತ್ರ ಕೂತಲ್ಲಿಂದಲೇ ಕಣ್ತುಂಬ ನೋಡಿದಳು, ತುತ್ತು ಕೈಯಲ್ಲೇ ಇತ್ತು.

"ಹೆಂಗಿತ್ತವ್ವಾ?"

"ದಸರಾದಾಗೆ ಬಣ್ಣ ಬಳ್ಕಂಡು ಇನ್ನೂ ಚೆಂದಾಗಿರ್ತದೆ" ಅಂದು ತುತ್ತು ಬಾಯಿಗಿಟ್ಟಳು.