ಎರಡು ಲೀಟರ್ ನೈಂಟಿ

ನಮ್ಮೂರಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಹಾಲಿನ ಡೈರಿಯ ಮೆಟ್ಟಿಲ ಮೇಲೆ ಮಾತ್ರ, ಅದೂ ಎಡಗಾಲನ್ನು ಮೇಲಿನ ಮೆಟ್ಟಿಲಿಗೆ ಊರಿ ನಿಂತರೆ. ಹಾಗೆ ನಿಂತೇ ಸಾಗರದ ತನ್ನ ಮಾವನ ಮನೆಗೆ ಬಂದಿಳಿದಿದ್ದ ಅಕ್ಕನ ಮಗನಿಗೆ ಕೂಗಿ ಹೇಳಿದೆ: "ಬರುವಾಗ ಎರಡು ಲೀಟರ್ ನೈಂಟಿ ಎಣ್ಣೆ ತಗೊಂಡು ಬಾ. ಮರೀಬೇಡ, ನಾಳೆ ಬೆಳಗ್ಗೆಗೇ ಬೇಕು!"

ಕ್ಯಾನು ಹಿಡಿದು ಸಾಲಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನೈಂಟಿ ಎಂದರೆ ಎಸ್‌ಎಇ 90, ಗೇರ್ ಆಯಿಲ್ ಎಷ್ಟು ಮಂದ ಎಂದು ಹೇಳುವ ನಂಬರು ಅಂತ ವಿವರಿಸುವಷ್ಟರಲ್ಲಿ ಕಾಲು ಜಾರಿತು. ಸಿಗ್ನಲ್ಲೂ ಹೋಯಿತು, ಮಾನವೂ ಹೋಯಿತು. ಸಂಜೆ ಪಕ್ಕದ ಮನೆಯವರು ಬಂದು ಕವಳ ಹಾಕುತ್ತ ಕೂತು, ಬಹಳ ಹೊತ್ತಿನ ಮೇಲೆ ಮೆತ್ತಗೆ ಕೇಳಿದರು: "ಎಂತ ಮಾರಾಯ, ಮನೇಲಿ ಏನಾದ್ರೂ ಬೇಜಾರಾ?"

ಬೇಜಾರು ಇದ್ದದ್ದು ಜೀಪಿಗೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅಪ್ಪಯ್ಯ ತೀರ್ಥಹಳ್ಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಸಿಜೆ-3ಬಿ ಎಂಬ ಎತ್ತರ ಬಾನೆಟ್ಟಿನ ಮಾದರಿ. ಮಹೀಂದ್ರದವರು ಅದನ್ನೇ ದಶಕಗಟ್ಟಲೆ ಇಲ್ಲಿ ತಯಾರಿಸಿದರು. ಒಳಗೆ ಮೂರು ಕೋಲು. ಒಂದು ಗೇರಿನದು, ಇನ್ನೆರಡು ಫೋರ್‌ವೀಲಿನ ಉಸಾಬರಿಗೆ. ಸವೆದ ಗೇರುಪೆಟ್ಟಿಗೆಯಾದ್ದರಿಂದ ಇಳಿಜಾರಲ್ಲಿ ಎರಡನೇ ಗೇರು ತಾನಾಗಿಯೇ ಹಾರಿ ನ್ಯೂಟ್ರಲ್ಲಿಗೆ ಬರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಮುಂದಿನ ಸೀಟಿಗೆ ಕೂರುವುದೆಂದರೆ ಗೇರು ಹಿಡಿದು ಕೂರುವುದು ಎಂದರ್ಥ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಆಗುಂಬೆ ಘಾಟಿ ಇಳಿಸಿ ಸೋಮೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ಘಾಟಿಯಲ್ಲಿ ಏನು ಕಂಡಿತು ಎಂದು ಅತ್ತೆ ಕೇಳಿದ್ದಕ್ಕೆ ಅವಳು, "ಗೇರಿನ ಗುಂಡು" ಎಂದಿದ್ದಳು.

ಆಷಾಢದಲ್ಲಿ ಹಳ್ಳ ದಾಟುವಾಗ ಜೀಪು ಹೊಟ್ಟೆ ಮಟ್ಟ ಮುಳುಗಿತ್ತು. ಓಡಿ ಬಿಸಿಯಾದ ಗೇರುಪೆಟ್ಟಿಗೆ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಎಣ್ಣೆ ಬದಲಾಯಿಸದೆ ಗತಿಯಿಲ್ಲ. ಅದೇ ಹೊತ್ತಿಗೆ ಅಮ್ಮನಿಗೆ ಕಮಲಶಿಲೆ ದೇವಸ್ಥಾನದ ಹರಕೆ ತೀರಿಸಬೇಕಿತ್ತು. ಎ.ಸಿ. ಕಾರೆಂದರೆ ವಾಂತಿ, ಹೋದರೆ ಜೀಪಲ್ಲೇ. ನಮ್ಮ ಮೇಸ್ತ್ರಿ ಇರುವುದು ಸಾಗರದಲ್ಲಿ, ಅಲ್ಲಿಯವರೆಗೆ ಈ ಸ್ಥಿತಿಯಲ್ಲಿ ಓಡಿಸುವಂತಿಲ್ಲ. ಎಣ್ಣೆ ಬದಲಾಯಿಸುವುದು ಏನು ಮಹಾ, ದನಕ್ಕೆ ಔಷಧಿ ಕುಡಿಸಿದ ಹಾಗೆ ಎಂದುಕೊಂಡೆ.

ಬೆಳಗ್ಗೆ ಅಂಗಳದಲ್ಲಿ ಎರಡು ಅಡಿಕೆ ಹಾಳೆ ಹಾಸಿ, ಮಲಗಿ, ಜೀಪಿನಡಿ ಜಾರಿದೆ. ಚಿಕ್ಕವನಿದ್ದಾಗ ಹಾಳೆ ಮೇಲೆ ಕೂತು ಎಳೆಸಿಕೊಂಡವನಿಗೆ ಇದೇನು ಹೊಸತಲ್ಲ. ಕೆಳಗಿನ ಪ್ಲಗ್ ಬಿಚ್ಚಿದೆ. ಹೊರಬಿದ್ದದ್ದು ಎಣ್ಣೆಯಲ್ಲ, ಹಾಲು ಜಾಸ್ತಿಯಾದ ಕಾಫಿ. ಜೊತೆಗೆ ಕೊಳೆತ ಬೆಳ್ಳುಳ್ಳಿಯಂಥ ವಾಸನೆ. ಗೇರ್ ಆಯಿಲ್‌ಗೆ ಗಂಧಕದ ಅಂಶ ಬೆರೆಸಿರುತ್ತಾರೆ. ಬಕೆಟ್ಟು ತುಂಬಿದ್ದು ನೋಡಿ ಖುಷಿಯಾಗಿ, ಎಣ್ಣೆ ಹಾಕುವ ಪಕ್ಕದ ಪ್ಲಗ್ಗಿಗೆ ಕೈ ಹಾಕಿದೆ. ಅದು ಅಲುಗಲಿಲ್ಲ. ಸ್ಪ್ಯಾನರಿಗೆ ಪೈಪು ತೊಡಿಸಿ ಎಳೆದರೆ ಪ್ಲಗ್ಗಿನ ಮೂಲೆ ಸವೆದು ಗುಂಡಾಯಿತೇ ವಿನಾ ತಿರುಗಲಿಲ್ಲ. ಡೈರಿ ಮೆಟ್ಟಿಲಿಗೆ ಓಡಿ ಮೇಸ್ತ್ರಿಗೆ ಫೋನು ಮಾಡಿದೆ. "ಮೊದಲು ಹಾಕುವ ಪ್ಲಗ್ ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್ ಬಿಚ್ಚಿದ್ರಿ ತಾನೇ?" ಎಂದರು. ನಾನು ಸಿಗ್ನಲ್ ಹೋದವನಂತೆ ಕಾಲು ಕೆಳಗಿಟ್ಟೆ.

ಅಷ್ಟರಲ್ಲಿ ಅಳಿಯ ಬಂದ. ಕಾರಿಂದ ಇಳಿದವನೇ ಡಬ್ಬ ಎತ್ತಿ ತೋರಿಸಿದ. "ಮಾವ, ನೈಂಟಿ ಎಲ್ಲ ಹಳೇ ಕಾಲದ್ದು. ನನ್ನ ಕಾರಿಗೆ ಹಾಕೋದನ್ನೇ ತಂದಿದ್ದೀನಿ, ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ." ಮುಚ್ಚಳ ತೆಗೆದರೆ ಅಡಿಕೆ ಬೇಯಿಸಿದ ಚೊಗರಿನಂಥ ಕೆಂಪು, ನೀರಿನಷ್ಟು ತೆಳು. ಸೋರಿದಾಗ ಎಂಜಿನ್ ಆಯಿಲ್ ಅಲ್ಲವೆಂದು ಗುರುತು ಸಿಗಲಿ ಎಂದೇ ಆ ಬಣ್ಣವಂತೆ. 1939ರಲ್ಲೇ ಜನರಲ್ ಮೋಟರ್ಸ್ ಕ್ಲಚ್ ತುಳಿಯಬೇಕಿಲ್ಲದ ಗೇರು ಮಾರಿತ್ತು, ಅದರೊಳಗೆ ಎಣ್ಣೆಯ ಒತ್ತಡವೇ ಗೇರು ಬದಲಿಸುತ್ತದೆ ಎಂದೆಲ್ಲ ಹೇಳುತ್ತ, ಒಂದು ಕಾಲದಲ್ಲಿ ಈ ಎಣ್ಣೆಗೆ ತಿಮಿಂಗಿಲದ ಎಣ್ಣೆ ಸೇರಿಸುತ್ತಿದ್ದರು ಎಂಬುದನ್ನೂ ಬಾಯಿ ತಪ್ಪಿ ಹೇಳಿಬಿಟ್ಟ. 1970ರ ದಶಕದಲ್ಲೇ ನಿಂತುಹೋಯಿತು ಅಮ್ಮಮ್ಮ ಎಂದು ಎಷ್ಟು ಗೋಗರೆದರೂ ಅಮ್ಮ ಆ ಡಬ್ಬವನ್ನು ತುಳಸಿಕಟ್ಟೆಯ ಆಸುಪಾಸಿಗೆ ಬಿಡಲಿಲ್ಲ. ದಣಪೆಯಾಚೆ ಇಡಿಸಿದಳು.

ಅಮ್ಮ ತಡೆದದ್ದೇ ಒಳ್ಳೆಯದಾಯಿತು. ಮಂದದ ನೈಂಟಿಯನ್ನೇ ಹಿಡಿದಿಡಲಾರದ ಸೀಲುಗಳಿಗೆ ಆ ನೀರು ಹೊಯ್ದರೆ ಕಮಲಶಿಲೆ ದಾರಿಯ ಹುಲಿಕಲ್ ಘಾಟಿ ಮುಟ್ಟುವ ಮೊದಲೇ ರಸ್ತೆಗೆಲ್ಲ ಓಕುಳಿ.

ಕೊನೆಗೆ ಒದಗಿದವನು ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಜನ ಹೊಡೆಯುವ ಜೀಪಿನ ಡ್ರೈವರ್. ಆ ಏರು ಹತ್ತಿದವರಿಗೆ ಗೊತ್ತು, ಅದಕ್ಕೆ ರಸ್ತೆ ಎನ್ನುವುದು ಸೌಜನ್ಯಕ್ಕೆ. ದಿನಾ ಅಲ್ಲಿ ಹತ್ತಿ ಇಳಿಯುವವರ ಸೀಟಿನಡಿ ನೈಂಟಿ ಡಬ್ಬ ಇದ್ದೇ ಇರುತ್ತದೆ. ಬಂದವನು ಪ್ಲಗ್ಗಿನ ಅಂಚಿಗೆ ಉಳಿ ಹಿಡಿದು, ಸುತ್ತಿಗೆಯಿಂದ ಟಕ್ ಟಕ್ ಎಂದು ಮೂರೇ ಪೆಟ್ಟು ಕೊಟ್ಟ. ನನ್ನ ಎರಡು ತಾಸಿನ ಬೆವರಿಗೆ ಬಗ್ಗದ್ದು ಬೆಣ್ಣೆಯಂತೆ ತಿರುಗಿತು.

ಇನ್ನು ಹೊಯ್ಯುವ ಕೆಲಸ. ತೂತು ಪೆಟ್ಟಿಗೆಯ ಪಕ್ಕದಲ್ಲಿದೆ, ಮೇಲೆ ಜೀಪಿನ ತಳ. ಡಬ್ಬ ಬಗ್ಗಿಸಲು ಜಾಗವಿಲ್ಲ. ಮಳೆಗಾಲದ ಚಳಿಗೆ ಎಣ್ಣೆ ಜೋನಿಬೆಲ್ಲದಷ್ಟು ಗಟ್ಟಿ. ಬಚ್ಚಲ ಹಂಡೆಯ ಬಿಸಿನೀರಲ್ಲಿ ಡಬ್ಬ ಅದ್ದಿ ತೆಳ್ಳಗೆ ಮಾಡಿದೆವು (ಮುಂದಿನ ಎರಡು ದಿನ ನಾವೆಲ್ಲ ಮಿಂದದ್ದು ಆ ಪರಿಮಳದಲ್ಲೇ). ಲಾಳಿಕೆಗೆ ಪೈಪು ಸಿಕ್ಕಿಸಿ ಅಳಿಯ ಮೇಲಿಂದ ಹೊಯ್ದ. ಪೈಪು ಕಳಚಿ ಮೊದಲ ಪಾವು ನನ್ನ ಕಿವಿಗಿಳಿಯಿತು. ಜಗಲಿಯಿಂದ ನೋಡುತ್ತಿದ್ದ ಅಮ್ಮ ಕೊಟ್ಟಿಗೆಗೆ ಹೋಗಿ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ತಂದಳು. ಓರೆಯಾಗಿ ಕತ್ತರಿಸಿದ ಅದರ ಬಾಯಿ, ಈ ಜೀಪಿಗೆಂದೇ ಅಳತೆ ತೆಗೆದಂತೆ, ತೂತಿಗೆ ಕೂತಿತು. ಗೊಟ್ಟ ತುಂಬಿ ಓರೆ ಮಾಡುವುದು, ಗುಳುಗುಳು ಇಳಿಯುವ ತನಕ ಕಾಯುವುದು. ಎಣ್ಣೆ ತೂತಿನ ಅಂಚಿಗೆ ಬಂದು ಹೊರಗೆ ತೊಟ್ಟಿಕ್ಕಿದರೆ ಹೊಟ್ಟೆ ತುಂಬಿತು ಎಂದು ಲೆಕ್ಕ. ಕಿರುಬೆರಳು ಹಾಕಿ ನೋಡಿದೆ, ತುದಿ ಒದ್ದೆ. ಪ್ಲಗ್ ಬಿಗಿದೆ.

ಇಳಿಸಿದ ಹಳೇ ಎಣ್ಣೆಯನ್ನು ಅಮ್ಮ ಅಂದೇ ಕೊಟ್ಟಿಗೆ ಕಂಬಗಳಿಗೆ ಬಳಿಸಿದಳು, ಗೆದ್ದಲಿಗೆ.

ಮಾರನೇ ದಿನ ಕಮಲಶಿಲೆಗೆ ಹೊರಟೆವು. ಗೇರು ಈಗ ಕಿರ್ರೆನ್ನದೆ ಬೀಳುತ್ತಿತ್ತು. "ನೋಡಿದ್ಯಾ, ನಿನ್ನ ಆಟೋಮ್ಯಾಟಿಕ್ಕಿಗಿಂತ ಏನು ಕಡಿಮೆ?" ಎಂದೆ. ಹೊಸಂಗಡಿಗೆ ಇಳಿಯುವ ಹುಲಿಕಲ್ ಘಾಟಿಯ ಮೊದಲ ಇಳಿಜಾರಿಗೆ ಎರಡನೇ ಗೇರು ಟಣ್ಣೆಂದು ಹಾರಿತು. "ಹಿಡಿಯೋ!" ಎಂದು ಹಿಂದಿನಿಂದ ಅಮ್ಮ ಕೂಗಿದಳು. ಅಳಿಯ ಎರಡೂ ಕೈಯಲ್ಲಿ ಕೋಲನ್ನು ಅಪ್ಪಿ ಹಿಡಿದ. ನಾಲ್ಕು ತಿರುವು ಕಳೆದ ಮೇಲೆ, ಕಣ್ಣು ರಸ್ತೆಯಿಂದ ಕೀಳದೆ ಕೇಳಿದ: "ಮಾವ, ಕೈ ಬಿಡಬಹುದಾ?"

"ಹೊಸಂಗಡಿ ಬರಲಿ," ಎಂದಳು ಅಮ್ಮ.